ಟ್ಯಾಂಕ್ ಆಮೇಲೆ, ಮೊದಲು ಕಾಯಿಲ್ ನೋಡಿ

ಲೆಸ್ಟರ್‌ನಲ್ಲಿ ನಮ್ಮ ಮನೆಯ ಅಡುಗೆ ಕಟ್ಟೆ ಮೂಲೆಯಲ್ಲಿ ಒಂದು ಹಳೇ ಉಪ್ಪಿನಕಾಯಿ ಬಾಟಲಿ ಇದೆ. ಒಳಗಿರುವುದು ಉಪ್ಪಿನಕಾಯಿ ಅಲ್ಲ, ವೇಪ್ ಅಂದರೆ ಇ-ಸಿಗರೇಟಿನೊಳಗೆ ಲಿಕ್ವಿಡ್ ಕಾಯಿಸಿ ಆವಿ ಮಾಡುವ, ಈಗ ಸುಟ್ಟುಹೋದ ಕಾಯಿಲ್‌ಗಳು. ತುಂಬಿದಾಗ ವೇಪ್ ಅಂಗಡಿಯ ಮರುಬಳಕೆ ಡಬ್ಬಕ್ಕೆ ಸುರಿದು ಬರುತ್ತೇನೆ. ಇಲ್ಲಿಯವರೆಗೆ ಎಷ್ಟು ಸಲ ಸುರಿದೆನೋ ಲೆಕ್ಕ ಇಟ್ಟಿಲ್ಲ. ಆದರೆ ಮೊದಲನೇ ಬಾಟಲಿಯಲ್ಲಿ ಇದ್ದವುಗಳಲ್ಲಿ ಅರ್ಧದಷ್ಟು ವಯಸ್ಸಾಗಿ ಸತ್ತವಲ್ಲ, ನಾನೇ ಗೊತ್ತಿಲ್ಲದೆ ಕೊಂದವು ಅನ್ನುವುದು ಮಾತ್ರ ಚೆನ್ನಾಗಿ ನೆನಪಿದೆ.

ಹದಿನಾಲ್ಕು ವರ್ಷ ಸಿಗರೇಟು ಸೇದಿದವನು ನಾನು. ದಾವಣಗೆರೆಯಲ್ಲಿ ಕಾಲೇಜು ಎದುರಿನ ಟೀ ಅಂಗಡಿಯಲ್ಲಿ ಹತ್ತಿಕೊಂಡ ಚಟ ಇಂಗ್ಲೆಂಡಿನವರೆಗೂ ಜೊತೆಗೇ ಬಂತು. ಬಿಡಲು ಚೂಯಿಂಗ್ ಗಮ್ ಆಯಿತು, ಪ್ಯಾಚ್ ಆಯಿತು, ಕೊನೆಗೆ ಬಿಡಿಸಿದ್ದು ವೇಪ್. ಈಗ ಪರಿಚಯದವರು ಯಾರಾದರೂ ಸಿಗರೇಟು ಬಿಡುತ್ತೇನೆ ಅಂದರೆ ಸಾಕು, ನನಗೆ ಫೋನ್ ಬರುತ್ತದೆ. ‘ಯಾವ ಟ್ಯಾಂಕ್ ತಗೊಳ್ಳಲಿ?’ ಟ್ಯಾಂಕ್ ಅಂದರೆ ಲಿಕ್ವಿಡ್ ತುಂಬಿಸಿ ಕಾಯಿಲ್ ಕೂರಿಸುವ ಡಬ್ಬಿ. ಅದೇ ಪ್ರಶ್ನೆ, ಅದೇ ಉತ್ತರ. ಹೇಳಿ ಹೇಳಿ ಬಾಯಿ ನೋವು ಬಂದಿದೆ, ಅದಕ್ಕೇ ಒಂದು ಸಲ ಬರೆದು ಇಟ್ಟುಬಿಡುತ್ತಿದ್ದೇನೆ.

ಒಂದು ಮಾತು ಮೊದಲೇ. ಸಿಗರೇಟು ಸೇದದವರು ಇಲ್ಲಿಗೇ ನಿಲ್ಲಿಸಬಹುದು. ಇದು ನಿಮಗಲ್ಲ. ಸಿಗರೇಟಿಗಿಂತ ವೇಪ್‌ನಿಂದ ಹಾನಿ ತುಂಬಾ ಕಡಿಮೆ ಅಂತ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯೇ ಹೇಳುತ್ತದೆ, ಬಿಡುವವರಿಗೆ ಶಿಫಾರಸು ಕೂಡ ಮಾಡುತ್ತದೆ. ಆದರೆ ಹಾನಿಯೇ ಇಲ್ಲ ಅಂತ ಅದೂ ಹೇಳಿಲ್ಲ. ಸುಮ್ನೆ ಇರುವ ಶ್ವಾಸಕೋಶಕ್ಕೆ ಗಾಳಿಗಿಂತ ಒಳ್ಳೇದು ಯಾವುದೂ ಇಲ್ಲ. ಇನ್ನು ಭಾರತದಲ್ಲಿ ಕೂತು ಓದುತ್ತಿರುವವರಿಗೆ ಬೇರೆಯೇ ಒಂದು ಮಾತಿದೆ, ಅದು ಕೊನೆಯಲ್ಲಿ.

ದಮ್ ಹೇಗೆ ಎಳೆಯುತ್ತೀರಿ?

ಸಿಗರೇಟು ಸೇದುವವನನ್ನು ಒಂದು ನಿಮಿಷ ನೋಡಿ. ಹೊಗೆಯನ್ನು ಮೊದಲು ಬಾಯಲ್ಲಿ ತುಂಬಿಕೊಳ್ಳುತ್ತಾನೆ, ಒಂದು ಗಳಿಗೆ ಬಿಟ್ಟು ಎದೆಗೆ ಇಳಿಸುತ್ತಾನೆ. ಬೀಡಿಯೂ ಹಾಗೇ. ವೇಪ್ ಭಾಷೆಯಲ್ಲಿ ಇದಕ್ಕೆ ಎಂಟಿಎಲ್ ಅನ್ನುತ್ತಾರೆ, ಬಾಯಿಂದ ಎದೆಗೆ ಅಂತ. ಹುಕ್ಕಾ ಹಾಗಲ್ಲ. ಆಳವಾಗಿ ಉಸಿರು ತೆಗೆದುಕೊಂಡಂತೆ ಹೊಗೆ ನೇರ ಎದೆಗೇ ಹೋಗುತ್ತದೆ. ಅದು ಡಿಟಿಎಲ್. ಎರಡರ ನಡುವೆ ಅರೆಬಿಗಿ ದಮ್ಮಿನ ಆರ್‌ಡಿಎಲ್ ಅಂತಲೂ ಒಂದಿದೆ.

ಅಂಗಡಿಯಲ್ಲಿ ಇರುವ ನೂರಾರು ಟ್ಯಾಂಕ್‌ಗಳು ಹೆಚ್ಚಾಗಿ ಎಂಟಿಎಲ್, ಡಿಟಿಎಲ್ ಈ ಎರಡು ಜಾತಿಗೆ ಸೇರಿದವೇ. ಎಂಟಿಎಲ್ ಟ್ಯಾಂಕಿನಲ್ಲಿ ಗಾಳಿ ಹೋಗುವ ತೂತು ಸಣ್ಣದು, ಎಳೆದರೆ ಸಿಗರೇಟಿನಷ್ಟೇ ಬಿಗಿ. ಡಿಟಿಎಲ್‌ನಲ್ಲಿ ದೊಡ್ಡ ಕಿಂಡಿ, ಎಳೆದರೆ ಏನೂ ಅಡ್ಡ ಇಲ್ಲದಂತೆ ಸರಾಗ, ಬಿಟ್ಟರೆ ಕೋಣೆ ತುಂಬಾ ಮೋಡ. ನೋಡಲು ಜೋರು. ಅಂಗಡಿಯ ಹುಡುಗರಿಗೂ ಅದನ್ನೇ ತೋರಿಸಲು ಇಷ್ಟ.

ನಾನು ಬಿದ್ದದ್ದೂ ಅಲ್ಲೇ. ಮೊದಲ ಸಲ ಒಂದು ಅಂಗಡಿಗೆ ಹೋಗಿ ‘ಸಿಗರೇಟು ಬಿಡಬೇಕು, ಒಳ್ಳೇದು ಕೊಡಿ’ ಅಂದೆ. ದಪ್ಪ ಗಾಜಿನ, ಮೇಲೆ ಅಗಲ ಬಾಯಿನ ಒಂದು ಸಬ್-ಓಮ್ ಟ್ಯಾಂಕ್, ಅಂದರೆ ಮೋಡ ಬಿಡುವ ಡಿಟಿಎಲ್ ಜಾತಿಯದ್ದು, ಕೊಟ್ಟರು. ಲಿಕ್ವಿಡ್ ಕೇಳಿದಾಗ ‘ದಿನಕ್ಕೆ ಎಷ್ಟು ಸೇದುತ್ತೀರಿ?’ ಅಂದರು. ಪ್ಯಾಕೆಟ್ ಅಂದೆ. 20 ಮಿಲಿಗ್ರಾಂ ನಿಕ್ ಸಾಲ್ಟ್, ಅಂದರೆ ನಿಕೋಟಿನ್ ಲವಣದ ಲಿಕ್ವಿಡ್ ಬಾಟಲಿ ಕೈಗಿಟ್ಟರು. ಬೇರೆ ಬೇರೆಯಾಗಿ ನೋಡಿದರೆ ಎರಡೂ ಸರಿಯಾದ ಸಾಮಾನೇ. ಒಟ್ಟಿಗೆ ಸೇರಿಸಿದರೆ ಮಾತ್ರ ಅನಾಹುತ. ಬಸ್ ಸ್ಟಾಪಿನಲ್ಲಿ ನಿಂತು ನಾಲ್ಕು ದಮ್ ಎಳೆದೆ. ಬಿಕ್ಕಳಿಕೆ ಶುರುವಾಯಿತು, ಆಮೇಲೆ ಹಣೆ ಮೇಲೆ ತಣ್ಣನೆ ಬೆವರು, ಆಮೇಲೆ ಅಲ್ಲೇ ಕಸದ ಡಬ್ಬ ಹಿಡಿದುಕೊಂಡು ವಾಂತಿ. ಒಂದೊಂದು ದಮ್ಮಿಗೆ ಸಿಗರೇಟಿನ ಎಷ್ಟೋ ಪಟ್ಟು ಆವಿ ಒಳಗೆ ಹೋಗುತ್ತಿತ್ತು, ಅದರಲ್ಲಿ ಕಾನೂನು ಬಿಡುವ ಗರಿಷ್ಠ ನಿಕೋಟಿನ್. ತಲೆ ತಿರುಗದೆ ಇನ್ನೇನು ಆಗಬೇಕಿತ್ತು!

ಅದಕ್ಕೇ ನನ್ನ ಕಟ್ಟಾ ಅಭಿಪ್ರಾಯ: ಸಿಗರೇಟಿನಿಂದ ಬರುತ್ತಿರುವವರು ಎಂಟಿಎಲ್ ತೆಗೆದುಕೊಳ್ಳಿ. ಡಿಟಿಎಲ್ ಒಂದು ಹವ್ಯಾಸ. ತಪ್ಪೇನಲ್ಲ, ಆದರೆ ಚಟ ಬಿಡಲು ಬಂದವರು ಹವ್ಯಾಸದ ಖರ್ಚು ಯಾಕೆ ಹೊರಬೇಕು? ಖರ್ಚು ಅಂದದ್ದು ಸುಮ್ನೆ ಅಲ್ಲ, ಲೆಕ್ಕ ಮುಂದೆ ಕೊಡುತ್ತೇನೆ.

ಓಮ್ ಅಂದರೆ ಹೆದರಬೇಡಿ

ಕಾಯಿಲ್ ಪ್ಯಾಕೆಟ್ ಮೇಲೆ 1.8, 0.8, 0.2 ಅಂತ ಬರೆದಿರುತ್ತದೆ. ಅದು ಓಮ್, ವಿದ್ಯುತ್ತಿಗೆ ತಂತಿ ಒಡ್ಡುವ ಅಡ್ಡಿ. ಪಿಯುಸಿಯಲ್ಲಿ ಓದಿದ್ದೇ. ಅಡ್ಡಿ ಜಾಸ್ತಿ ಇದ್ದರೆ ಕರೆಂಟ್ ಕಡಿಮೆ ಹರಿಯುತ್ತದೆ, ಶಾಖ ಕಡಿಮೆ, ಆವಿ ಕಡಿಮೆ. ಅಡ್ಡಿ ಕಡಿಮೆ ಇದ್ದರೆ ಇದೆಲ್ಲ ತಿರುಗುಮುರುಗು. ಪೂರ್ತಿ ಚಾರ್ಜ್ ಆದ ಒಂದು ಬ್ಯಾಟರಿಯಲ್ಲಿ 4.2 ವೋಲ್ಟ್ ಇರುತ್ತದೆ. ಅದನ್ನು ನೇರ 1.6 ಓಮ್ ಕಾಯಿಲ್‌ಗೆ ಕೊಟ್ಟರೆ ಸುಮಾರು 11 ವ್ಯಾಟ್. 0.2 ಓಮ್‌ಗೆ ಕೊಟ್ಟರೆ 88 ವ್ಯಾಟ್, ಬ್ಯಾಟರಿಯಿಂದ 21 ಆಂಪಿಯರ್ ಹೀರುತ್ತದೆ. ಸಣ್ಣ ಬೆರಳಿಗಿಂತ ಸ್ವಲ್ಪ ದಪ್ಪದ ಬ್ಯಾಟರಿ ಅದು, ನೆನಪಿರಲಿ.

1 ಓಮ್‌ಗಿಂತ ಕೆಳಗಿನದಕ್ಕೆಲ್ಲ ಸಬ್-ಓಮ್ ಅನ್ನುವುದು ಹಳೇ ರೂಢಿ. 2014ರ ಸುಮಾರಿಗೆ ಆಸ್ಪೈರ್ ಅಟ್ಲಾಂಟಿಸ್, ಕ್ಯಾಂಗರ್ ಸಬ್‌ಟ್ಯಾಂಕ್ ಬಂದಾಗ ಆ ಹೆಸರು ಅಂಟಿಕೊಂಡಿತು. ಈಗ ಗೆರೆ ಅಷ್ಟು ಖಚಿತವಾಗಿಲ್ಲ. 0.8 ಓಮ್‌ನ ಎಷ್ಟೋ ಕಾಯಿಲ್‌ಗಳು ಬಿಗಿ ದಮ್ಮಿಗೆಂದೇ ಮಾಡಿದವು. ನನ್ನ ಕೈಲೆಕ್ಕ ಹೀಗೆ: 0.8ರಿಂದ 1.8ರವರೆಗೆ ಎಂಟಿಎಲ್, 0.5 ಸುತ್ತಮುತ್ತ ಅರೆಬಿಗಿ, 0.4ರ ಕೆಳಗೆ ಮೋಡ. ಪ್ರತಿ ಕಾಯಿಲ್‌ನ ಮೈಮೇಲೆ ಎಷ್ಟು ವ್ಯಾಟ್ ಅಂತ ಸಣ್ಣ ಅಕ್ಷರದಲ್ಲಿ ಕೆತ್ತಿರುತ್ತಾರೆ. ಕನ್ನಡಕ ಹಾಕಿಕೊಂಡು ಓದಿ. ಕೆಳಗಿನ ಅಂಕಿಯಿಂದ ಶುರು ಮಾಡಿ, ಅರ್ಧ ಅರ್ಧ ವ್ಯಾಟ್ ಏರಿಸುತ್ತಾ ಹೋಗಿ, ರುಚಿ ತುಂಬಿತು ಅನಿಸಿದಲ್ಲಿ ನಿಲ್ಲಿಸಿ.

ಒಂದು ಕಾಯಿಲ್ ಬಿಚ್ಚಿ ನೋಡೋಣ

ಉಪ್ಪಿನಕಾಯಿ ಬಾಟಲಿಯಿಂದ ಒಂದನ್ನು ತೆಗೆದು ಇಕ್ಕಳದಲ್ಲಿ ಹೊರಗಿನ ತೊಗಲು ಸೀಳಿದೆ. ಕಿರುಬೆರಳಿನ ತುದಿಯಷ್ಟು ಲೋಹದ ಕೊಳವೆ, ಪಕ್ಕದಲ್ಲಿ ನಾಲ್ಕು ತೂತು. ಒಳಗೆ ಹತ್ತಿ. ಹತ್ತಿಯ ಮಧ್ಯೆ ಸ್ಪ್ರಿಂಗಿನಂತೆ ಸುತ್ತಿದ ಕೂದಲೆಳೆ ತಂತಿ. ಅಷ್ಟೇ, ಬೇರೇನೂ ಇಲ್ಲ. ಹತ್ತಿ ಹೊರಗಿನ ತೂತುಗಳ ಕಡೆ ಇನ್ನೂ ಬಿಳಿ ಇದೆ, ತಂತಿ ಕಡೆ ಹೋಗುತ್ತಾ ಟೀ ಬಣ್ಣ, ತಂತಿಗೆ ಅಂಟಿದ ಕಡೆ ಕಪ್ಪು ಕರಕಲು. ತಂತಿಯ ಮೇಲೆ ಹೊಳೆಯುವ ಕಪ್ಪು ಪದರ. ಉಗುರಿನಲ್ಲಿ ಕೆರೆದರೆ ಪುಡಿಪುಡಿಯಾಗಿ ಉದುರುತ್ತದೆ, ಪಾಕ ತಳ ಹಿಡಿದ ಬಾಣಲೆಯ ವಾಸನೆ ಬರುತ್ತದೆ. ನಿಜಕ್ಕೂ ಅದು ತಳ ಹಿಡಿದ ಪಾಕವೇ. ಲಿಕ್ವಿಡ್‌ಗೆ ಹಾಕುವ ಸಿಹಿ, ಮುಖ್ಯವಾಗಿ ಸುಕ್ರಲೋಸ್, ಆವಿಯಾಗದೆ ತಂತಿಯ ಮೇಲೆ ಕೂತು ಕರಗಟ್ಟುತ್ತದೆ. ಕಸ್ಟರ್ಡ್, ಡೋನಟ್ ರುಚಿಯ ಲಿಕ್ವಿಡ್ ಹಾಕಿದರೆ ನನ್ನ ಕಾಯಿಲ್ ಐದಾರು ದಿನಕ್ಕೆ ಸತ್ತದ್ದಿದೆ. ಅದೇ ಕಾಯಿಲ್ ಸಿಹಿ ಕಡಿಮೆ ಇರುವ ಪುದೀನದಲ್ಲಿ ಮೂರು ವಾರ ಬಂದಿದೆ.

ಇನ್ನು ಮೊದಲ ದಿನವೇ ಕಾಯಿಲ್ ಸುಡುವ ಕಥೆ. ಇದು ಹಣತೆಯ ಬತ್ತಿ ಇದ್ದಹಾಗೆ. ಒಣ ಬತ್ತಿಗೆ ಬೆಂಕಿ ಇಟ್ಟರೆ ಎಣ್ಣೆ ಉರಿಯುವುದಿಲ್ಲ, ಬತ್ತಿಯೇ ಉರಿಯುತ್ತದೆ. ನಮ್ಮಜ್ಜಿ ಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ತುದಿ ಹಿಂಡಿ, ಆಮೇಲೆ ದೀಪ ಹಚ್ಚುತ್ತಿದ್ದಳು. ಕಾಯಿಲ್‌ಗೂ ಅದೇ ಶಾಸ್ತ್ರ. ಪಕ್ಕದ ತೂತುಗಳಲ್ಲಿ ಹತ್ತಿ ಕಾಣುತ್ತದಲ್ಲ, ಒಂದೊಂದಕ್ಕೂ ಒಂದೆರಡು ಹನಿ ಬಿಡಿ. ಮೇಲಿನ ಬಾಯಿಂದಲೂ ಒಂದು ಹನಿ. ಟ್ಯಾಂಕ್ ತುಂಬಿಸಿ, ಹತ್ತು ನಿಮಿಷ ಪಕ್ಕಕ್ಕಿಡಿ. ಗುಂಡಿ ಒತ್ತದೆ ಎರಡು ಮೂರು ಸಲ ಸುಮ್ನೆ ಎಳೆಯಿರಿ. ಆಮೇಲೆ ಕಡಿಮೆ ವ್ಯಾಟ್‌ನಲ್ಲಿ ಶುರು. ಇಷ್ಟು ಮಾಡದೆ ಒತ್ತಿದರೆ ಒಂದೇ ಸೆಕೆಂಡಿಗೆ ಹತ್ತಿ ಸುಟ್ಟು ಗಂಟಲಿಗೆ ಕೆಂಡ ಇಟ್ಟಂತಾಗುತ್ತದೆ. ಒಮ್ಮೆ ಕರಕಲಾದ ಹತ್ತಿ ಮತ್ತೆ ಸರಿ ಹೋಗುವುದಿಲ್ಲ, ಎಸೆಯುವುದೇ ದಾರಿ. ಆ ಹೊಗೆ ಎಳೆದುಕೊಂಡು ‘ಸ್ವಲ್ಪ ಹೊತ್ತಿಗೆ ಸರಿಯಾಗುತ್ತದೆ’ ಅಂತ ಕೂರಬೇಡಿ. ಲಿಕ್ವಿಡ್ ಮಿತಿಮೀರಿ ಕಾದಾಗ ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ವಿಷ ಹುಟ್ಟುತ್ತವೆ. ಅದನ್ನು ತಪ್ಪಿಸಲು ತಾನೇ ಸಿಗರೇಟು ಬಿಟ್ಟದ್ದು?

ಬಕೆಟ್ಟಿನಲ್ಲಿ ನೀರಿಲ್ಲದೆ ಹೀಟರ್ ಕಾಯಿಲ್ ಹಾಕಬಾರದು ಅಂತ ಮನೆಯಲ್ಲಿ ಬೈಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟ್ಯಾಂಕಿನಲ್ಲಿ ಲಿಕ್ವಿಡ್ ಆ ತೂತುಗಳಿಗಿಂತ ಕೆಳಗಿಳಿಯಲು ಬಿಡಬೇಡಿ.

ಸುತ್ತಿದ ತಂತಿಯೋ, ಜಾಲರಿಯೋ?

ಸ್ಪ್ರಿಂಗ್ ತಂತಿ ಹಳೇ ಪದ್ಧತಿ. ಈಗ ಜಾಸ್ತಿ ಸಿಗುವುದು ಮೆಶ್, ಅಂದರೆ ತೂತು ತೂತಾದ ತೆಳು ಲೋಹದ ಹಾಳೆ. ಜರಡಿಯ ತುಂಡನ್ನು ಸುರುಳಿ ಮಾಡಿಟ್ಟಂತೆ ಕಾಣುತ್ತದೆ. ಹತ್ತಿಗೆ ತಾಗುವ ಜಾಗ ಜಾಸ್ತಿ, ಹಾಗಾಗಿ ಒತ್ತಿದ ಕೂಡಲೇ ಬಿಸಿಯಾಗುತ್ತದೆ, ಎಲ್ಲ ಕಡೆ ಸಮನಾಗಿ ಕಾಯುತ್ತದೆ, ರುಚಿ ದಟ್ಟ. ಆದರೆ ಲಿಕ್ವಿಡ್ ಜಾಸ್ತಿ ಕುಡಿಯುತ್ತದೆ. ದುಂಡು ತಂತಿಯ 1.6, 1.8 ಓಮ್ ಕಾಯಿಲ್‌ನಲ್ಲಿ ಗಂಟಲಿಗೆ ಬೀಳುವ ಹೊಡೆತ ಸಿಗರೇಟಿಗೆ ಹತ್ತಿರ, ಆವಿ ತಂಪು, ಖರ್ಚು ಕಡಿಮೆ. ಸಿಗರೇಟು ಬಿಟ್ಟ ಮೊದಲ ತಿಂಗಳು ಆ ಗಂಟಲಿನ ಹೊಡೆತವೇ ನಿಮ್ಮನ್ನು ಹಿಡಿದಿಡುವುದು. ನಾನಾದರೆ ಮೊದಲು ದುಂಡು ತಂತಿ, ಮೂರು ತಿಂಗಳ ನಂತರ ಬೇಕೆನಿಸಿದರೆ 0.8ರ ಮೆಶ್ ಅನ್ನುತ್ತೇನೆ.

ಲೋಹದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ರೆಡಿಮೇಡ್ ಕಾಯಿಲ್‌ಗಳಲ್ಲಿ ಬಹುಪಾಲು ಕಾಂತಲ್ ಇರುತ್ತದೆ. ಕಬ್ಬಿಣ, ಕ್ರೋಮಿಯಂ, ಅಲ್ಯುಮಿನಿಯಂ ಸೇರಿದ ಮಿಶ್ರಲೋಹ, ಕಾಯಿಸುವ ಯಂತ್ರಗಳಲ್ಲಿ ಬಳಸುವಂಥದ್ದೇ. ನೈಕ್ರೋಮ್ ಇನ್ನೂ ಬೇಗ ಕಾಯುತ್ತದೆ, ಆದರೆ ಅದರಲ್ಲಿ ನಿಕಲ್ ಇದೆ. ಅಗ್ಗದ ಓಲೆ, ವಾಚ್ ಪಟ್ಟಿ ಹಾಕಿದರೆ ಚರ್ಮ ತುರಿಸುವವರು ಅದರಿಂದ ದೂರ ಇರಿ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಸಾಧಾರಣ ವ್ಯಾಟ್ ಮೋಡ್‌ನಲ್ಲೂ ನಡೆಯುತ್ತದೆ, ತಾಪಮಾನ ನಿಯಂತ್ರಣದಲ್ಲೂ ನಡೆಯುತ್ತದೆ, ಯಾಕೆಂದರೆ ಬಿಸಿ ಏರಿದಂತೆ ಅದರ ಓಮ್ ಬದಲಾಗುತ್ತದೆ, ಯಂತ್ರ ಅದನ್ನು ಅಳೆದು ಕರೆಂಟ್ ತಗ್ಗಿಸುತ್ತದೆ. ಶುದ್ಧ ನಿಕಲ್, ಟೈಟಾನಿಯಂ ಕಾಯಿಲ್‌ಗಳು ಮಾತ್ರ ತಾಪಮಾನ ನಿಯಂತ್ರಣಕ್ಕೇ ಮೀಸಲು. ವ್ಯಾಟ್ ಮೋಡ್‌ನಲ್ಲಿ ಅವನ್ನು ಹಾಕಲೇಬೇಡಿ.

ಲೆಕ್ಕದ ಪುಸ್ತಕ

ಬ್ರಿಟನ್‌ನಲ್ಲಿ 2016ರ ನಿಯಮದ ಪ್ರಕಾರ ಟ್ಯಾಂಕ್ 2 ಮಿಲಿಲೀಟರ್‌ಗಿಂತ ದೊಡ್ಡದಿರುವಂತಿಲ್ಲ. ನಿಕೋಟಿನ್ ಇರುವ ಬಾಟಲಿ 10 ಮಿಲಿ ಮೀರುವಂತಿಲ್ಲ, ನಿಕೋಟಿನ್ ಪ್ರತಿ ಮಿಲಿಗೆ 20 ಮಿಲಿಗ್ರಾಂ ದಾಟುವಂತಿಲ್ಲ. ಎಂಟಿಎಲ್ ಸೇದುವವರಿಗೆ ಇದು ಗೊತ್ತೇ ಆಗುವುದಿಲ್ಲ. ಮೋಡ ಬಿಡುವವರಿಗೆ ಇದು ದಿನವಿಡೀ ಕಾಟ.

ನನ್ನದೇ ಎರಡು ಕಾಲದ ಲೆಕ್ಕ ಕೊಡುತ್ತೇನೆ. ಎಂಟಿಎಲ್‌ನಲ್ಲಿ ನನಗೆ ದಿನಕ್ಕೆ 3 ಮಿಲಿ ಸಾಕು, 12 ಮಿಲಿಗ್ರಾಂ ಲಿಕ್ವಿಡ್. ಅಂದರೆ ಟ್ಯಾಂಕಿನಲ್ಲಿ ಖರ್ಚಾಗುವ ನಿಕೋಟಿನ್ ದಿನಕ್ಕೆ 36 ಮಿಲಿಗ್ರಾಂ. ಡಿಟಿಎಲ್ ಹಿಡಿದಿದ್ದ ಆರು ತಿಂಗಳು ದಿನಕ್ಕೆ 12 ಮಿಲಿ ಹೋಗುತ್ತಿತ್ತು, 3 ಮಿಲಿಗ್ರಾಂ ಲಿಕ್ವಿಡ್. ಗುಣಿಸಿ ನೋಡಿ, ಅದೇ 36. ನಿಕೋಟಿನ್ ಅಷ್ಟೇ, ಲಿಕ್ವಿಡ್ ಮಾತ್ರ ನಾಲ್ಕು ಪಟ್ಟು! 2 ಮಿಲಿ ಟ್ಯಾಂಕನ್ನು ದಿನಕ್ಕೆ ಆರು ಸಲ ತುಂಬಿಸಬೇಕಿತ್ತು. ಮೀಟಿಂಗ್ ಮಧ್ಯೆ, ರೈಲಿನಲ್ಲಿ, ಮಳೆಯಲ್ಲಿ ಛತ್ರಿ ಕಂಕುಳಲ್ಲಿಟ್ಟುಕೊಂಡು. ಜೇಬಿನಲ್ಲಿ ಯಾವಾಗಲೂ ಒಂದು ಜಿಗುಟು ಬಾಟಲಿ.

ಈಗ ಇದಕ್ಕೆ ತೆರಿಗೆ ಸೇರಿಸಿ. 2026ರ ಅಕ್ಟೋಬರ್ 1ರಿಂದ ಪ್ರತಿ 10 ಮಿಲಿಗೆ 2.20 ಪೌಂಡ್ ಸುಂಕ ಅಂತ ಬ್ರಿಟಿಷ್ ಸರ್ಕಾರ ಘೋಷಿಸಿದೆ. ನಿಕೋಟಿನ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ತಿಂಗಳಿಗೆ 90 ಮಿಲಿ ಸೇದುವವರಿಗೆ ಇದು 19.80 ಪೌಂಡ್. 360 ಮಿಲಿ ಸೇದುವವರಿಗೆ 79.20 ಪೌಂಡ್. ಬರೀ ಸುಂಕ ಇದು, ಲಿಕ್ವಿಡ್‌ನ ಬೆಲೆ ಬೇರೆ. ಮೋಡ ಬಿಡುವವರು ಇಲ್ಲಿವರೆಗೆ ಶಾರ್ಟ್‌ಫಿಲ್ ನೆಚ್ಚಿಕೊಂಡಿದ್ದರು. 50 ಮಿಲಿ ನಿಕೋಟಿನ್ ಇಲ್ಲದ ಲಿಕ್ವಿಡ್‌ಗೆ 18 ಮಿಲಿಗ್ರಾಂನ 10 ಮಿಲಿ ನಿಕೋಟಿನ್ ಶಾಟ್ ಬೆರೆಸಿದರೆ 60 ಮಿಲಿ, 3 ಮಿಲಿಗ್ರಾಂ. ಅಗ್ಗದ ದಾರಿ ಅದು. ಹೊಸ ಸುಂಕದಲ್ಲಿ ಆ 60 ಮಿಲಿಗೇ 13.20 ಪೌಂಡ್ ಬೀಳುತ್ತದೆ.

ಕಾಯಿಲ್ ಖರ್ಚು ಇದರ ಮುಂದೆ ಸಣ್ಣದು. 5ರ ಪ್ಯಾಕೆಟ್ಟಿಗೆ ನಾನು 11 ಪೌಂಡ್ ಆಸುಪಾಸು ಕೊಡುತ್ತೇನೆ, ಎರಡು ಎರಡೂವರೆ ತಿಂಗಳು ಬರುತ್ತದೆ.

ಲಿಕ್ವಿಡ್ ಮತ್ತು ಕಾಯಿಲ್ ಜಾತಕ ಕೂಡಬೇಕು

ಲಿಕ್ವಿಡ್‌ನಲ್ಲಿ ಎರಡು ದ್ರವ ಇರುತ್ತವೆ. ಪಿಜಿ, ಅಂದರೆ ಪ್ರೊಪಿಲೀನ್ ಗ್ಲೈಕಾಲ್, ನೀರಿನಷ್ಟು ಅಲ್ಲದಿದ್ದರೂ ತೆಳು, ವಿಜಿ ಅಂದರೆ ಗ್ಲಿಸರಿನ್, ಜೋನಿಬೆಲ್ಲದಂತೆ ಮಂದ. ಎಂಟಿಎಲ್ ಕಾಯಿಲ್‌ನ ತೂತು ಸಣ್ಣದು, ಅದಕ್ಕೆ ಅರ್ಧಕ್ಕರ್ಧ ಲಿಕ್ವಿಡ್ ಸರಿ. 70 ಪಾಲು ವಿಜಿ ಇರುವುದನ್ನು ಹಾಕಿದರೆ ಹತ್ತಿಗೆ ಹೋಗಿ ಸೇರುವಷ್ಟರಲ್ಲಿ ತಂತಿ ಒಣಗಿ ಕೂತಿರುತ್ತದೆ. ಜನವರಿಯ ಬೆಳಗ್ಗೆ ಕಾರಿನಲ್ಲಿ ಬಿಟ್ಟಿದ್ದ ಟ್ಯಾಂಕ್ ಆದರೆ ಇನ್ನೂ ಕಷ್ಟ, ಚಳಿಗೆ ಮತ್ತಷ್ಟು ಮಂದವಾಗಿರುತ್ತದೆ. ತಿರುಗಿಸಿ, ಸಬ್-ಓಮ್ ಕಾಯಿಲ್‌ಗೆ ತೆಳು ಲಿಕ್ವಿಡ್ ಹಾಕಿದರೆ ದೊಡ್ಡ ತೂತುಗಳಿಂದ ನುಗ್ಗಿ, ಕಾಯಿಲ್ ಮುಳುಗಿ, ಗುಳುಗುಳು ಸದ್ದು ಬಂದು, ಕೆಳಗಿನಿಂದ ಜೇಬಿಗೆ ಸೋರುತ್ತದೆ. ನಿಕ್ ಸಾಲ್ಟ್ ಗಂಟಲಿಗೆ ಮೆದು, ಹಾಗಾಗಿ ಜಾಸ್ತಿ ಬಲದ್ದೂ ಸಲೀಸಾಗಿ ಇಳಿಯುತ್ತದೆ. ಅದಕ್ಕೇ ಅದು ಎಂಟಿಎಲ್‌ಗೆ ಮಾತ್ರ. ನನ್ನ ಬಸ್ ಸ್ಟಾಪ್ ಕಥೆ ಹೇಳಿದ್ದೇನಲ್ಲ.

ಸರಿ, ಯಾವ ಟ್ಯಾಂಕ್?

ಟ್ಯಾಂಕ್ ಒಂದು ಸಲ ಕೊಳ್ಳುತ್ತೀರಿ, ಕಾಯಿಲ್ ವರ್ಷಗಟ್ಟಲೆ ಕೊಳ್ಳುತ್ತೀರಿ. ಹಾಗಾಗಿ ಟ್ಯಾಂಕಿನ ಚೆಂದ ನೋಡುವ ಮೊದಲು ಆ ಕಾಯಿಲ್ ನಿಮ್ಮ ಊರಿನ ಎರಡು ಮೂರು ಅಂಗಡಿಯಲ್ಲಿ ನೇತಾಡುತ್ತಿದೆಯಾ ನೋಡಿ. ಹೊಸ ಮಾಡೆಲ್ ಬಂದು ಹಳೇ ಕಾಯಿಲ್ ನಿಂತುಹೋದರೆ ಟ್ಯಾಂಕ್ ಪೇಪರ್‌ವೇಟ್ ಆಗುತ್ತದೆ. ನನ್ನ ಬಳಿ ಅಂಥ ಮೂರು ಪೇಪರ್‌ವೇಟ್ ಇವೆ.

ಈ ಲೆಕ್ಕದಲ್ಲಿ ಎಂಟಿಎಲ್‌ಗೆ ನಾನು ಕಣ್ಣುಮುಚ್ಚಿ ಹೇಳುವುದು ಎರಡು ಹೆಸರು. ಆಸ್ಪೈರ್ ನಾಟಿಲಸ್ ಮತ್ತು ಇನ್ನೋಕಿನ್ ಜೆನಿತ್. ನಾಟಿಲಸ್ ಮಿನಿ ಬಂದದ್ದು 2014ರಲ್ಲಿ. ಅದರ ಬಿವಿಸಿ ಅನ್ನುವ ಕಾಯಿಲ್ ಆಮೇಲೆ ಬಂದ ನಾಟಿಲಸ್ ಟ್ಯಾಂಕ್‌ಗಳಿಗೂ ಕೂರುತ್ತದೆ. ವೇಪ್ ಲೋಕದಲ್ಲಿ ಇದು ಮುತ್ತಜ್ಜನ ಆಯುಸ್ಸು. 1.8 ಓಮ್ ಹಾಕಿ 10ರಿಂದ 12 ವ್ಯಾಟ್‌ನಲ್ಲಿ ಇಟ್ಟರೆ ಸಿಗರೇಟಿನ ಬಿಗಿ ಸಿಗುತ್ತದೆ. ಜೆನಿತ್‌ನ 1.6 ಮತ್ತು 0.8 ಕಾಯಿಲ್‌ಗಳು ಜ್ಲೈಡ್ ಟ್ಯಾಂಕಿಗೂ ಆಗುತ್ತವೆ. ಒಂದು ಎಚ್ಚರಿಕೆ: ಇನ್ನೋಕಿನ್‌ನವರೂ ಝಡ್ ಕಾಯಿಲ್ ಅನ್ನುತ್ತಾರೆ, ಗೀಕ್‌ವೇಪ್‌ನವರೂ ಝಡ್ ಕಾಯಿಲ್ ಅನ್ನುತ್ತಾರೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಗೀಕ್‌ವೇಪ್‌ನದು ಝೀಯಸ್ (Zeus) ಅನ್ನುವ ಸಬ್-ಓಮ್ ಟ್ಯಾಂಕಿಗೆ, 0.2, 0.4 ಓಮ್‌ನವು. ಹೆಸರು ನೋಡಿ ಆರ್ಡರ್ ಮಾಡಬೇಡಿ, ಟ್ಯಾಂಕಿನ ಹೆಸರು ಹೇಳಿ ಕೇಳಿ.

ಹಠ ಹಿಡಿದು ಡಿಟಿಎಲ್ಲೇ ಬೇಕು ಅನ್ನುವವರಿಗೆ ಆ ಝೀಯಸ್ ಸುಮಾರಾಗಿ ಒಳ್ಳೇದು, ಒಂದು ಕಾರಣಕ್ಕೆ: ಗಾಳಿ ಮೇಲಿನಿಂದ ಹೋಗುತ್ತದೆ. ಗಾಳಿ ಕಿಂಡಿ ಬುಡದಲ್ಲಿರುವ ಟ್ಯಾಂಕ್ ರುಚಿಯಲ್ಲಿ ಒಂದು ಕೈ ಮೇಲು ಅನ್ನುವವರಿದ್ದಾರೆ, ಇರಬಹುದು, ಆದರೆ ಸೋರಿದರೆ ದಾರಿ ಕೆಳಗೇ. ಮೇಲೆ ಕಿಂಡಿ ಇದ್ದರೆ ಒಳಗೆ ಸ್ವಲ್ಪ ಒಸರಿದರೂ ಪ್ಯಾಂಟಿಗೆ ಬರುವುದಿಲ್ಲ.

ಇಷ್ಟೆಲ್ಲ ಯಾಕೆ, ಪಾಡ್, ಅಂದರೆ ಬ್ಯಾಟರಿಗೆ ಸಿಕ್ಕಿಸುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಯ ವೇಪ್, ಸಾಕಲ್ಲವಾ ಅಂತ ಕೇಳುವವರಿಗೆ: ಸಾಕು. ಬಿಸಾಡುವ ವೇಪ್‌ಗಳನ್ನು ಬ್ರಿಟನ್ 2025ರ ಜೂನ್ 1ರಿಂದ ನಿಷೇಧಿಸಿದೆ. ಅವುಗಳಿಂದ ಬಂದವರಿಗೆ ಮತ್ತೆ ತುಂಬಿಸಬಹುದಾದ ಪಾಡ್ ಅತಿ ಸುಲಭ. ವೇಪರೆಸ್ಸೋ ಕ್ಸ್‌ರಾಸ್, ಯೂವೆಲ್ ಕ್ಯಾಲಿಬರ್ನ್ ಥರದವು. ಗುಂಡಿಯ ಗೋಜಿಲ್ಲ, ಎಳೆದರೆ ಆನ್. ಆದರೆ ಕೆಲವು ಪಾಡ್‌ಗಳಲ್ಲಿ ಕಾಯಿಲ್ ಒಳಗೇ ಬೆಸೆದಿರುತ್ತದೆ, ಸುಟ್ಟರೆ ಇಡೀ ಪಾಡ್ ಎಸೆಯಬೇಕು. ಟ್ಯಾಂಕಿನಲ್ಲಾದರೆ ಗಾಜು, ಲೋಹ ಎಲ್ಲ ಉಳಿಯುತ್ತದೆ, ಬೆರಳುಗಾತ್ರದ ಕಾಯಿಲ್ ಮಾತ್ರ ಬದಲು. ಅಮ್ಮಂದಿರ ವಯಸ್ಸಿನವರಿಗೆ, ಕೈ ನಡುಗುವವರಿಗೆ ಪಾಡ್ ಕೊಡಿಸಿ. ಸಾಮಾನು ಬಿಚ್ಚಿ ತೊಳೆದು ಜೋಡಿಸಲು ಇಷ್ಟಪಡುವ ನನ್ನಂಥವರಿಗೆ ಟ್ಯಾಂಕ್.

ತೀರಾ ಇಷ್ಟಪಡುವವರಿಗೆ ಆರ್‌ಟಿಎ ಇದೆ, ಕಾಯಿಲ್ ಮತ್ತು ಹತ್ತಿ ನೀವೇ ಹಾಕುವಂಥದ್ದು. 28 ಗೇಜ್ ಕಾಂತಲ್ ತಂತಿಯನ್ನು 2.5 ಮಿಲಿಮೀಟರ್ ಕಡ್ಡಿಗೆ ಆರು ಸುತ್ತು ಸುತ್ತಿದರೆ ಸುಮಾರು 1.1 ಓಮ್ ಬರುತ್ತದೆ, ಒಳ್ಳೇ ಎಂಟಿಎಲ್ ದಮ್ಮು. ಒಂದು ಉಂಡೆ ತಂತಿ, ಒಂದು ಪೊಟ್ಟಣ ಹತ್ತಿ ವರ್ಷಕ್ಕೂ ಮಿಗುತ್ತದೆ. ಹತ್ತಿಯನ್ನು ಎಷ್ಟು ಬಿಗಿ ತುರುಕಬೇಕು ಅನ್ನುವುದು ಕೈಗೆ ಬರಲು ನನಗೆ ಒಂದು ತಿಂಗಳು ಹಿಡಿಯಿತು. ಬಿಗಿಯಾದರೆ ಸುಡುತ್ತದೆ, ಸಡಿಲಾದರೆ ಸೋರುತ್ತದೆ. ಭಾನುವಾರ ಮಧ್ಯಾಹ್ನ ಸಣ್ಣ ಸ್ಕ್ರೂ ಡ್ರೈವರ್ ಹಿಡಿದು ಕೂರಲು ಚೆಂದ. ಆದರೆ ಓಮ್ ಅಳೆಯುವ ಯಂತ್ರ ಇಲ್ಲದೆ, ಶಾರ್ಟ್ ಆದರೆ ತಾನೇ ನಿಲ್ಲುವ ಮಾಡ್ (ಟ್ಯಾಂಕ್ ಕೂರಿಸುವ ಬ್ಯಾಟರಿ ಯಂತ್ರ) ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ಬಿಡಿ ಬ್ಯಾಟರಿಯನ್ನು ಚಿಲ್ಲರೆ, ಕೀಲಿ ಕೈ ಜೊತೆ ಜೇಬಿಗೆ ಹಾಕುವುದಂತೂ ಯಾವತ್ತೂ ಬೇಡ. ಅದಕ್ಕೆಂದೇ ಪ್ಲಾಸ್ಟಿಕ್ ಡಬ್ಬಿ ಬರುತ್ತದೆ.

ಊರಿಗೆ ಹೊರಟಾಗ

ಭಾರತದಲ್ಲಿ ಇದು ಯಾವುದೂ ನಡೆಯುವುದಿಲ್ಲ. ಕರ್ನಾಟಕ 2016ರಲ್ಲೇ ಮಾರಾಟ ನಿಲ್ಲಿಸಿತ್ತು. 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು: ತಯಾರಿ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲಕ್ಕೂ ನಿಷೇಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ದಾಸ್ತಾನು ಇಟ್ಟುಕೊಂಡರೂ ಆರು ತಿಂಗಳವರೆಗೆ ಶಿಕ್ಷೆ ಇದೆ. ‘ನನ್ನ ಬಳಕೆಗೆ ಒಂದೇ ಒಂದು’ ಅಂತ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ವಾದ ಮಾಡಿ ನೋಡುವ ಆಸೆ ನನಗಿಲ್ಲ. ಸಿಂಗಾಪುರದಲ್ಲೂ ನಿಷೇಧ ಇದೆ, ಆ ದಾರಿಯಲ್ಲಿ ಬರುವವರು ಗಮನಿಸಿ. ನಮ್ಮ ಊರಲ್ಲಿ ಕದ್ದು ಮಾರುವ ಹೆಸರಿಲ್ಲದ ಸಾಮಾನಿನ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಊರಲ್ಲಿರುವವರು ಬಿಡಬೇಕಾದರೆ ಔಷಧಿ ಅಂಗಡಿಯ ನಿಕೋಟಿನ್ ಗಮ್ ಇದೆ, ಡಾಕ್ಟರ್ ಇದ್ದಾರೆ. ನಾನೂ ಊರಿನ ಮೂರು ವಾರ ಗಮ್ ಜಗಿದುಕೊಂಡೇ ಕಳೆಯುತ್ತೇನೆ. ಮೊದಲೆರಡು ದಿನ ಮನೆಯವರ ಮೇಲೆ ಸ್ವಲ್ಪ ಸಿಡುಕುತ್ತೇನೆ, ಅವರಿಗೂ ಅಭ್ಯಾಸ ಆಗಿದೆ.

ಹೊರಡುವ ಹಿಂದಿನ ರಾತ್ರಿ ಟ್ಯಾಂಕ್ ಖಾಲಿ ಮಾಡಿ, ಬಿಸಿನೀರಲ್ಲಿ ತೊಳೆದು, ಒರೆಸಿ, ಭಾಗಗಳನ್ನು ಬೇರೆ ಬೇರೆಯಾಗಿ ಇಟ್ಟು ಹೋಗಿ. ತುಂಬಿಸಿಟ್ಟರೆ ವಾಪಸ್ ಬರುವಷ್ಟರಲ್ಲಿ ಲಿಕ್ವಿಡ್ ಎಲ್ಲ ಮೇಜಿನ ಮೇಲಿರುತ್ತದೆ. ಬಂದ ದಿನ ಹೊಸ ಕಾಯಿಲ್ ಹಾಕಿ, ಹನಿ ಬಿಟ್ಟು, ಹತ್ತು ನಿಮಿಷ ಕಾಯಿರಿ. ನಿದ್ದೆಗಣ್ಣಲ್ಲಿ ನಾನು ಎರಡು ಸಲ ಕಾಯದೆ ಒತ್ತಿದ್ದೇನೆ. ಎರಡೂ ಉಪ್ಪಿನಕಾಯಿ ಬಾಟಲಿಯಲ್ಲಿವೆ.